ಮೊಬೈಲು ಕಿತ್ತುಕೊಂಡರೆ ಸಾಕೇ?

ಹದಿನಾರು ವರ್ಷ ತುಂಬದ ಮಕ್ಕಳು ಪ್ರಮುಖ ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ಹೊಂದುವುದನ್ನು ತಡೆಯುವ ಆಸ್ಟ್ರೇಲಿಯಾದ ಕಾನೂನು 2025ರ ಡಿಸೆಂಬರ್ 10ರಂದು ಜಾರಿಗೆ ಬಂತು. ತಪ್ಪಿದಲ್ಲಿ ದಂಡ ತೆರಬೇಕಾದವರು ಮಕ್ಕಳೂ ಅಲ್ಲ, ಹೆತ್ತವರೂ ಅಲ್ಲ, ಕಂಪೆನಿಗಳು ಎಂಬುದೇ ಈ ಕಾನೂನಿನ ವಿಶೇಷ. ದಂಡದ ಮೊತ್ತ 4.95 ಕೋಟಿ ಆಸ್ಟ್ರೇಲಿಯನ್ ಡಾಲರ್‌ವರೆಗೂ ಏರಬಹುದು. ವ್ಯಕ್ತಿಸ್ವಾತಂತ್ರ್ಯಕ್ಕೆ ಹೆಸರಾದ ದೇಶವೊಂದು ಇಂಥ ನಿರ್ಧಾರಕ್ಕೆ ಬರಬೇಕಾಯಿತೆಂದರೆ ಸಮಸ್ಯೆಯ ಆಳವನ್ನು ಯಾರೂ ಊಹಿಸಬಹುದು.

ಕಂಪೆನಿಗಳನ್ನು ಹೊಣೆಯಾಗಿಸಿದ್ದು ಸರಿಯಾಗಿಯೇ ಇದೆ. ಈ ಜಾಲತಾಣಗಳು ಉಚಿತವೆಂದು ನಾವು ಭಾವಿಸಿದ್ದೇವೆ. ವಾಸ್ತವದಲ್ಲಿ ಅಲ್ಲಿ ಮಾರಾಟಕ್ಕಿರುವುದು ನೋಡುಗನ ಗಮನ. ಅದನ್ನು ಕೊಳ್ಳುವವರು ಜಾಹೀರಾತುದಾರರು. ಮಗು ಪರದೆಯ ಮುಂದೆ ಎಷ್ಟು ಹೊತ್ತು ಕುಳಿತಿರುತ್ತದೋ ಅಷ್ಟು ಲಾಭ. ಆದ್ದರಿಂದಲೇ ಒಂದು ವೀಡಿಯೊ ಮುಗಿಯುವುದರೊಳಗೆ ಇನ್ನೊಂದು ಸಿದ್ಧವಾಗಿರುತ್ತದೆ. 2021ರಲ್ಲಿ ಫೇಸ್‌ಬುಕ್‌ನ ಮಾಜಿ ಉದ್ಯೋಗಿ ಫ್ರಾನ್ಸೆಸ್ ಹೌಗನ್ ಬಯಲಿಗೆ ತಂದ ಆಂತರಿಕ ದಾಖಲೆಗಳು ಕಂಪೆನಿಗೆ ಏನೆಲ್ಲ ತಿಳಿದಿತ್ತೆಂಬುದನ್ನು ತೋರಿಸಿದವು. ತಮ್ಮ ಮೈಕಟ್ಟಿನ ಬಗ್ಗೆ ಕೀಳರಿಮೆಯಿಂದ ಬಳಲುತ್ತಿದ್ದ ಹದಿಹರೆಯದ ಹುಡುಗಿಯರಲ್ಲಿ ಶೇ. 32 ಮಂದಿ, ಇನ್‌ಸ್ಟಾಗ್ರಾಂ ಆ ನೋವನ್ನು ಇನ್ನಷ್ಟು ಹೆಚ್ಚಿಸಿತೆಂದು ಕಂಪೆನಿಯದ್ದೇ ಸಮೀಕ್ಷೆಯಲ್ಲಿ ಹೇಳಿದ್ದರು.

ನಮ್ಮ ದೇಶದಲ್ಲಿಯೂ ಕಾನೂನಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18ರೊಳಗಿನವರ ಮಾಹಿತಿಯನ್ನು ಬಳಸಲು ಹೆತ್ತವರ ಒಪ್ಪಿಗೆ ಬೇಕು. ಮಕ್ಕಳನ್ನು ಗುರಿಯಾಗಿಸಿದ ಜಾಹೀರಾತಿಗೆ ನಿರ್ಬಂಧವಿದೆ. ಆದರೆ ಆ ಕಾಯ್ದೆಗೆ ನಿಯಮಗಳು ಪ್ರಕಟವಾದದ್ದು 2025ರ ನವೆಂಬರ್‌ನಲ್ಲಿ. ಮುಖ್ಯ ನಿಬಂಧನೆಗಳ ಜಾರಿಗೆ ಮತ್ತೆ 18 ತಿಂಗಳ ಕಾಲಾವಕಾಶ ನೀಡಲಾಯಿತು. ಸರಕಾರಕ್ಕೆ ಬೇಡವಾದ ಪೋಸ್ಟನ್ನು ತೆಗೆಸಲು ಇರುವ ಆತುರ ಮಕ್ಕಳ ರಕ್ಷಣೆಯ ವಿಷಯದಲ್ಲಿ ಯಾಕಿಲ್ಲ ಎಂಬ ಪ್ರಶ್ನೆ ಸಹಜ. ಇನ್ನು, ಹೆತ್ತವರ ಒಪ್ಪಿಗೆಯ ಮಾತು. ಎಷ್ಟೋ ಮನೆಗಳಲ್ಲಿ ತಾಯಿಯ ಮೊಬೈಲಿಗೆ ವಾಟ್ಸಾಪ್ ಹಾಕಿಕೊಟ್ಟವನೇ ಮಗ. ಅಲ್ಲಿ ಒಪ್ಪಿಗೆ ಕೊಡುವವರು ಯಾರು, ಪಡೆಯುವವರು ಯಾರು?

ಕಾನೂನಿನ ಕೈ ಮನೆಯ ಹೊಸ್ತಿಲವರೆಗೆ ಮಾತ್ರ. ಒಳಗಿನದ್ದು ನಮ್ಮ ಹೊಣೆ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಆನ್‌ಲೈನ್ ತರಗತಿಗೆಂದು ಮಕ್ಕಳ ಕೈಗೆ ಬಂದ ಮೊಬೈಲು ಶಾಲೆ ತೆರೆದ ಬಳಿಕವೂ ಅನೇಕ ಮನೆಗಳಲ್ಲಿ ಹಿಂದಿರುಗಲಿಲ್ಲ. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಸಲ್ಲದೆಂದೂ ಒಂದು ವರ್ಷದೊಳಗಿನ ಶಿಶುವಿಗೆ ಅದು ಬೇಡವೇ ಬೇಡವೆಂದೂ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿಯೇ ಹೇಳಿತ್ತು. ನಾವಾದರೋ ಅಳುವ ಶಿಶುವನ್ನು ಸಂತೈಸುವುದಕ್ಕೂ ತುತ್ತು ಉಣ್ಣಿಸುವುದಕ್ಕೂ ಮೊಬೈಲನ್ನೇ ನೆಚ್ಚಿಕೊಂಡಿದ್ದೇವೆ.

ಹಾಗೆಂದು ಮೊಬೈಲನ್ನೇ ಶತ್ರುವೆನ್ನಲಾಗದು. ಕೊಲ್ಲಿಯಲ್ಲಿ ದುಡಿಯುವ ತಂದೆಯ ಮುಖವನ್ನು ಮಗು ಕಾಣುವುದು ಅದರಲ್ಲಿಯೇ. ವಿದ್ಯಾರ್ಥಿವೇತನದ ಅರ್ಜಿಗೂ ಪರೀಕ್ಷೆಯ ಫಲಿತಾಂಶಕ್ಕೂ ಅದು ಬೇಕು. ಅಪಾಯದ ಹೆಸರಿನಲ್ಲಿ ಮಗಳ ಮೊಬೈಲನ್ನು ಮಾತ್ರ ಕಿತ್ತುಕೊಂಡು, ಅದರೊಂದಿಗೆ ಅವಳ ಓದನ್ನೂ ಮೊಟಕುಗೊಳಿಸಿ, ಮಗ ನಡುರಾತ್ರಿಯವರೆಗೆ ಏನು ನೋಡುತ್ತಾನೆಂದು ವಿಚಾರಿಸದ ಮನೆಗಳು ನಮ್ಮಲ್ಲಿವೆ. ಇದು ಶಿಸ್ತಲ್ಲ, ಅನ್ಯಾಯ. ದೃಷ್ಟಿಯನ್ನು ತಗ್ಗಿಸುವ ಆದೇಶವನ್ನು ಪವಿತ್ರ ಕುರ್‌ಆನ್ ಮೊದಲು ನೀಡಿರುವುದು ಪುರುಷರಿಗೆ, ಬಳಿಕ ಸ್ತ್ರೀಯರಿಗೆ ಎಂಬುದನ್ನು ಮರೆಯದಿರೋಣ.

ಹಾನಿ ಕಣ್ಣಿಗೂ ನಿದ್ದೆಗೂ ಸೀಮಿತವಲ್ಲ. 2022ರ ಜನವರಿಯಲ್ಲಿ ಮುಸ್ಲಿಮ್ ಮಹಿಳೆಯರ ಭಾವಚಿತ್ರಗಳನ್ನು ‘ಬುಲ್ಲಿ ಬಾಯಿ’ ಎಂಬ ಆ್ಯಪ್‌ನಲ್ಲಿ ಹರಾಜಿಗಿಟ್ಟ ನೀಚ ಪ್ರಕರಣ ನಡೆಯಿತು. ಮೊದಲು ಬಂಧಿತರಾದ ಆರೋಪಿಗಳು ಇಪ್ಪತ್ತರ ಆಸುಪಾಸಿನವರೆಂದು ತಿಳಿದಾಗ ದೇಶವೇ ಬೆಚ್ಚಿತು. ಅವರ ಎಳೆಯ ಮನಸ್ಸಿಗೆ ಇಷ್ಟು ವಿಷ ಉಣ್ಣಿಸಿದವರಾರೆಂದು ನಾವು ಕೇಳಿದೆವು. ಅದೇ ಪ್ರಶ್ನೆಯನ್ನು ನಮ್ಮ ಅಂಗಳದಲ್ಲಿಯೂ ಕೇಳಬೇಕು. ಒಂದು ಸಂಘಟನೆಯ ವಿದ್ವಾಂಸರನ್ನು ಇನ್ನೊಂದು ಸಂಘಟನೆಯ ಅನುಯಾಯಿಗಳು ಹೀಯಾಳಿಸುವ ತುಣುಕುಗಳೂ ಪರಿಶೀಲಿಸದ ಸುದ್ದಿಗಳೂ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುವುದನ್ನು ಮಕ್ಕಳು ನೋಡುತ್ತಿಲ್ಲವೇ? ಕಿವಿ, ಕಣ್ಣು, ಹೃದಯ ಎಲ್ಲವೂ ವಿಚಾರಣೆಗೊಳಗಾಗಲಿವೆ ಎಂಬ ಕುರ್‌ಆನಿನ ಎಚ್ಚರಿಕೆ ಹಿರಿಯರಿಗೂ ಅನ್ವಯಿಸುತ್ತದೆ.

ತಮ್ಮನ್ನೂ ತಮ್ಮ ಮನೆಮಂದಿಯನ್ನೂ ನರಕಾಗ್ನಿಯಿಂದ ರಕ್ಷಿಸಿಕೊಳ್ಳುವಂತೆ ಅತ್ತಹ್ರೀಮ್ ಅಧ್ಯಾಯದ 6ನೇ ಸೂಕ್ತವು ವಿಶ್ವಾಸಿಗಳಿಗೆ ಆದೇಶಿಸುತ್ತದೆ. ಅಲ್ಲಿ ಮನೆಮಂದಿಗಿಂತ ಮೊದಲು ಬರುವುದು ಸ್ವತಃ ನಾವು. ಊಟದ ಹೊತ್ತಿನಲ್ಲೂ ಮೊಬೈಲಿನಿಂದ ತಲೆಯೆತ್ತದ ತಂದೆ ಮಗನಿಗೆ ಯಾವ ಬಾಯಿಯಿಂದ ಬುದ್ಧಿ ಹೇಳಿಯಾನು? ಸುಜೂದ್‌ನಲ್ಲಿದ್ದಾಗ ಮೊಮ್ಮಗ ಬೆನ್ನೇರಿ ಕುಳಿತುದಕ್ಕೆ, ಆ ಮಗುವಿನ ಆಸೆ ತೀರುವ ತನಕ ಪ್ರವಾದಿ(ಸ) ತಲೆಯೆತ್ತಲಿಲ್ಲವೆಂದು ಹದೀಸ್‌ನಲ್ಲಿದೆ. ನಮ್ಮ ಮಕ್ಕಳು ನಮ್ಮಿಂದ ಬಯಸುವುದೂ ಆ ಸಮಯವನ್ನೇ.

ಮಗ್ರಿಬ್‌ನಿಂದ ಇಶಾವರೆಗೆ ಮನೆಯ ಎಲ್ಲ ಮೊಬೈಲುಗಳೂ, ಹಿರಿಯರದ್ದೂ ಸೇರಿದಂತೆ, ಒಂದು ಕಡೆ ಇರಲಿ. ಮಸೀದಿಯ ಆಡಳಿತ ಸಮಿತಿಗಳು ಕಟ್ಟಡಕ್ಕೆ ವ್ಯಯಿಸುವ ಹಣದಲ್ಲಿ ಒಂದು ಪಾಲನ್ನು ವಾಚನಾಲಯಕ್ಕೂ ಅಸರ್ ಬಳಿಕದ ಆಟಕ್ಕೂ ಮೀಸಲಿಡಲಿ. ಅದರಲ್ಲಿ ಹೆಣ್ಣುಮಕ್ಕಳಿಗೂ ಪಾಲಿರಲಿ. ಅಂತರ್ಜಾಲದ ಒಳಿತು ಕೆಡುಕುಗಳು ಜುಮಾ ಖುತ್ಬಾದಲ್ಲಿಯೂ ಮದ್ರಸಾದ ಪಾಠದಲ್ಲಿಯೂ ಚರ್ಚೆಯಾಗಲಿ. ಬೆದರಿಕೆಗೋ ವಂಚನೆಗೋ ಸಿಲುಕಿದ ಮಗು ಹೊಡೆತದ ಭಯವಿಲ್ಲದೆ ಹೆತ್ತವರ ಬಳಿಗೆ ಬರುವಂತಾಗಲಿ. ಇಷ್ಟನ್ನೂ ಮಾಡದೆ ಬರಿಯ ಮೊಬೈಲನ್ನು ಕಿತ್ತುಕೊಂಡರೆ ಮಗು ಅದನ್ನು ಗೆಳೆಯನ ಕೈಯಲ್ಲಿ ನೋಡುತ್ತದೆ. ಆಗ ಅದು ಏನು ನೋಡುತ್ತಿದೆಯೆಂದು ತಿಳಿಯುವ ಅವಕಾಶವೂ ನಮಗಿರುವುದಿಲ್ಲ.