ಕೊಳೆಗೇರಿ ಅಳಿಯಿತು, ಬಡತನ ಉಳಿಯಿತು

ವಿಕ್ಟೋರಿಯಾ ರಾಣಿಯ ಕಾಲದ (1837-1901) ಇಂಗ್ಲೆಂಡ್ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಉಗಿಬಂಡಿ, ಹತ್ತಿಗಿರಣಿ, ಸೂರ್ಯ ಮುಳುಗದ ಸಾಮ್ರಾಜ್ಯ. ಶಾಲೆಯ ಪಠ್ಯಪುಸ್ತಕಗಳಲ್ಲಿ ನೀವು ಓದಿದ್ದೂ ಬಹುಮಟ್ಟಿಗೆ ಅದನ್ನೇ. ಆದರೆ ಆ ಸಾಮ್ರಾಜ್ಯದ ರಾಜಧಾನಿಯಲ್ಲೇ, ಲಂಡನ್ನಿನ ಪೂರ್ವಭಾಗದಲ್ಲಿ, ಓಲ್ಡ್ ನಿಕೋಲ್ ಎಂಬ ಕೊಳೆಗೇರಿಯಿತ್ತು. ಅದರ ಕಥೆಯಲ್ಲಿ ಇಂದಿಗೂ ಸಲ್ಲುವ ಒಂದು ಪಾಠವಿದೆಯೆಂಬುದು ನನ್ನ ನಂಬಿಕೆ.

ಅಲ್ಲಿ ಇಡೀ ಸಂಸಾರಕ್ಕೆ ಒಂದೇ ಕೋಣೆ. ಹಲವು ಮನೆಗಳಿಗೆ ಸೇರಿ ಒಂದು ನಲ್ಲಿ, ಒಂದು ಶೌಚಾಲಯ. ಅಡುಗೆ, ನಿದ್ರೆ, ಹೆರಿಗೆ, ಸಾವು, ದುಡಿಮೆ ಎಲ್ಲವೂ ಅದೇ ಕೋಣೆಯಲ್ಲಿ. ತಾಯಂದಿರು ಮಕ್ಕಳನ್ನು ಕೂಡಿಸಿಕೊಂಡು ಬೆಂಕಿಪೆಟ್ಟಿಗೆ ಅಂಟಿಸುತ್ತಿದ್ದರು. 144 ಪೆಟ್ಟಿಗೆಗಳಿಗೆ ಸಿಗುತ್ತಿದ್ದುದು ಎರಡೂಕಾಲು ಪೆನ್ಸ್. ಅಂಟಿನ ಖರ್ಚು ಅವರದೇ. ವಾರದ ಬಾಡಿಗೆ ಕೊಟ್ಟು ಉಳಿದ ಚಿಲ್ಲರೆಯಲ್ಲಿ ಚಹಾಪುಡಿ, ಸಕ್ಕರೆ, ಕಲ್ಲಿದ್ದಲುಗಳನ್ನು ದಿನಕ್ಕಷ್ಟೇ ಕೊಳ್ಳಬೇಕು. ಹೀಗೆ ಬಿಡಿಬಿಡಿಯಾಗಿ ಕೊಳ್ಳುವವನು ಸಿರಿವಂತನಿಗಿಂತ ಹೆಚ್ಚು ಬೆಲೆ ತೆರುತ್ತಾನೆ. ಅಲ್ಲಿ ಹುಟ್ಟಿದ ನಾಲ್ಕು ಶಿಶುಗಳಲ್ಲಿ ಸುಮಾರು ಒಂದು, ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿತ್ತು.

ಇದಕ್ಕೆಲ್ಲ ಅವರ ಕುಡಿತ ಮತ್ತು ಸೋಮಾರಿತನವೇ ಕಾರಣವೆಂದು ಅನೇಕ ಗಣ್ಯರು ತೀರ್ಮಾನಿಸಿದ್ದರು. ಆ ಮಾತನ್ನು ಅಲುಗಾಡಿಸಿದ್ದು ಭಾಷಣಗಳಲ್ಲ, ಅಂಕಿಅಂಶಗಳು. ಹಡಗು ಕಂಪನಿಯ ಒಡೆಯನಾಗಿದ್ದ ಚಾರ್ಲ್ಸ್ ಬೂತ್ 1886ರಲ್ಲಿ ಸಮೀಕ್ಷೆ ಆರಂಭಿಸಿ, ಲಂಡನ್ನಿನ ಶೇ. 30ಕ್ಕೂ ಹೆಚ್ಚು ಜನ ಬಡತನದಲ್ಲಿದ್ದಾರೆಂದು ತೋರಿಸಿದನು. ಯಾರ್ಕ್ ನಗರದ ಕಾರ್ಮಿಕರ ಮನೆಮನೆಯನ್ನೂ ವಿಚಾರಿಸಿದ ಸೀಬೋಮ್ ರೌಂಟ್ರಿ, ಕನಿಷ್ಠ ಅಗತ್ಯಗಳಿಗೂ ವರಮಾನ ಸಾಲದ ಕಡುಬಡವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ದುಃಸ್ಥಿತಿಗೆ ಕಾರಣ, ದಿನವೂ ದುಡಿಯುವ ಯಜಮಾನನ ಅತ್ಯಲ್ಪ ಕೂಲಿಯೇ ಎಂದು 1901ರಲ್ಲಿ ಪ್ರಕಟಿಸಿದನು. ದುಡಿದರೂ ಹೊಟ್ಟೆ ತುಂಬದವನನ್ನು ಸೋಮಾರಿಯೆನ್ನುವುದು ಹೇಗೆ?

1890ರ ದಶಕದಲ್ಲಿ ಲಂಡನ್ ಕೌಂಟಿ ಕೌನ್ಸಿಲ್ ಓಲ್ಡ್ ನಿಕೋಲನ್ನು ಕೆಡವಿ, ಅದೇ ಜಾಗದಲ್ಲಿ ಗಾಳಿ ಬೆಳಕುಗಳಿರುವ ಇಟ್ಟಿಗೆಯ ವಸತಿಗಳನ್ನು ಕಟ್ಟಿತು. 1900ರಲ್ಲಿ ಯುವರಾಜನೇ ಬಂದು ಉದ್ಘಾಟಿಸಿದನು. ಬೌಂಡರಿ ಎಸ್ಟೇಟ್ ಎಂಬ ಹೆಸರಿನ ಆ ಕಟ್ಟಡಗಳು ಇಂದಿಗೂ ಸುಂದರವಾಗಿ ನಿಂತಿವೆ. ಆದರೆ ಎತ್ತಂಗಡಿಯಾದ 5,700ಕ್ಕೂ ಹೆಚ್ಚು ಜನರಲ್ಲಿ ಅಲ್ಲಿ ಮನೆ ದೊರೆತದ್ದು ಕೇವಲ 11 ಮಂದಿಗೆ. ಹೊಸ ಬಾಡಿಗೆಯನ್ನು ತೆರುವ ಶಕ್ತಿ ಉಳಿದವರಿಗಿರಲಿಲ್ಲ. ಅವರು ನೆರೆಯ ಬೀದಿಗಳಿಗೆ ಸರಿದು, ಅಲ್ಲಿನ ಇಕ್ಕಟ್ಟನ್ನು ಇನ್ನಷ್ಟು ಹೆಚ್ಚಿಸಿದರು.

ಕೊಳೆಗೇರಿಗಳನ್ನು ಕೆಡವಲೇಬಾರದೆಂದು ನಾನು ಹೇಳುತ್ತಿಲ್ಲ. ಆ ಕೋಣೆಗಳಲ್ಲಿ ಯಾರೂ ಬಾಳಬಾರದಿತ್ತು. ಆದರೆ ಕೂಲಿಯನ್ನು ಹೆಚ್ಚಿಸದೆ, ಬಾಡಿಗೆಯನ್ನು ಕೈಗೆಟಕುವಂತೆ ಮಾಡದೆ ಗೋಡೆಗಳನ್ನಷ್ಟೇ ಕೆಡವಿದರೆ ಬಡತನವು ಪಕ್ಕದ ಬೀದಿಗೆ ಬಿಡಾರ ಬದಲಿಸುತ್ತದೆ, ಅಷ್ಟೇ. ನಿಮ್ಮಲ್ಲಿ ಹಲವರು ಇಂದು ಇಂಜಿನಿಯರುಗಳಾಗಿದ್ದೀರಿ, ಅಧಿಕಾರಿಗಳಾಗಿದ್ದೀರಿ. ನಗರವನ್ನು ಸುಂದರಗೊಳಿಸುವ ಯಾವುದೇ ಯೋಜನೆಯ ಕಡತ ನಿಮ್ಮ ಮೇಜಿಗೆ ಬಂದಾಗ, ಅಲ್ಲಿದ್ದವರು ಎಲ್ಲಿಗೆ ಹೋಗುತ್ತಾರೆಂಬ ಪ್ರಶ್ನೆಗೆ ಉತ್ತರವನ್ನು ಮೊದಲು ಹುಡುಕಿ. ಸಹಿಯನ್ನು ಆಮೇಲೆ ಹಾಕಿ.