ಮನೆಯ ಆರೋಗ್ಯ: ಸೂಜಿವೈದ್ಯ ಕಲಿತ ಡಾಕ್ಟರರು

ಸೊಲ್ಲಾಪುರದ ಡಾಕ್ಟರ ದ್ವಾರಕಾನಾಥ ಕೋಟಣೀಸರ ಹೆಸರನ್ನು ಕೇಳದ ವಾಚಕರು ವಿರಳ. ಅವರ ಕಥೆಯನ್ನು ಶಾಂತಾರಾಮರು 1946ರಲ್ಲಿ ಚಿತ್ರಪಟವಾಗಿ ತೆಗೆದರು. ಆದರೆ ಅವರ ಜೊತೆಗಾರರಾದ ಕಲಕತ್ತೆಯ ಡಾಕ್ಟರ ವಿಜಯಕುಮಾರ ಬಸು ಅವರ ವೃತ್ತಾಂತವನ್ನು ಬಲ್ಲವರು ಕಡಿಮೆ. ಚಚಡಿ, ಬೈಲಹೊಂಗಲ, ಸವದತ್ತಿಗಳ ಎರೆಯ ಹೊಲಗಳಲ್ಲಿ ಕುಕ್ಕರಗಾಲಿನಲ್ಲಿ ಕಳೆ ತೆಗೆದು ಮೊಣಕಾಲು ಸವೆಸಿಕೊಂಡ ತಾಯಂದಿರಿಗೆ ‘ಚೀನೀ ಸೂಜಿ’ಯನ್ನು ಹಾಕಿಸಬಹುದೇ ಎಂಬ ಪ್ರಶ್ನೆಗೆ ಉತ್ತರ ಕೊಡುವ ಮೊದಲು, ಆ ಸೂಜಿಯು ನಮ್ಮ ದೇಶಕ್ಕೆ ಬಂದ ಬಗೆಯನ್ನು ಅರಿಯುವದು ಉಚಿತ.

ಜಪಾನದವರು ಚೀನದ ಮೇಲೆ ಬಿದ್ದಾಗ, ಅಲ್ಲಿಯ ಸೇನಾಪತಿ ಝು ದೆ ಅವರ ಬಿನ್ನಹದಂತೆ ನಮ್ಮ ರಾಷ್ಟ್ರೀಯ ಕಾಂಗ್ರೆಸ್ಸು 1938ರಲ್ಲಿ ಐವರು ಡಾಕ್ಟರರನ್ನು ಕಳುಹಿತು. ಅಟಲ, ಚೋಳಕರ, ಮುಖರ್ಜಿ, ಕೋಟಣೀಸ, ಬಸು ಇವರೇ ಆ ಐವರು. ಐವರೂ ಪಾಶ್ಚಾತ್ಯ ವೈದ್ಯವನ್ನು ಓದಿದವರು. ಕೋಟಣೀಸರು ಚೀನೀ ಭಾಷೆ ಕಲಿತರು, ಅಲ್ಲಿಯ ದಾದಿಯೊಬ್ಬಳನ್ನು ಲಗ್ನವಾದರು, 1942ರ ಡಿಸೆಂಬರ 9ರಂದು ಅಲ್ಲಿಯೇ ತೀರಿಕೊಂಡರು. ಆಗ ಅವರ ವಯಸ್ಸು ಬರಿಯ 32. ಬಸು ಅವರು 1943ರಲ್ಲಿ ಸ್ವದೇಶಕ್ಕೆ ಮರಳಿದರು.

ಇಲ್ಲಿಗೆ ಅವರ ಕಥೆ ಮುಗಿಯಬಹುದಿತ್ತು. ಆದರೆ ನಾಲ್ವತ್ತು ದಾಟಿದ ಮೇಲೆ ಅವರು ಮತ್ತೆ ಚೀನಕ್ಕೆ ಹೋದರು. ಈ ಸಲ ಕಲಿಸಲಿಕ್ಕಲ್ಲ, ಕಲಿಯಲಿಕ್ಕೆ. ಪದವಿ ಪಡೆದ ಡಾಕ್ಟರರು ಹಳೆಯ ವೈದ್ಯರ ಮುಂದೆ ಶಿಷ್ಯರಾಗಿ ನಿಲ್ಲುವದು ಅಲ್ಪ ಮಾತಲ್ಲ. ನಮ್ಮಲ್ಲಿ ಅಜ್ಜಿಯ ಕಷಾಯವನ್ನು ಕಂಡರೆ ಮೂಗು ಮುರಿಯುವ ಡಾಕ್ಟರರೆಷ್ಟು ಮಂದಿ! 1959ರಲ್ಲಿ ಬಸು ಅವರು ಕಲಕತ್ತೆಯಲ್ಲಿ ಈ ಚಿಕಿತ್ಸೆಯನ್ನು ಆರಂಭಿಸಿದರು. ಭಾರತದಲ್ಲಿ ಸೂಜಿವೈದ್ಯಕ್ಕೆ ಅದೇ ಬುನಾದಿಯಾಯಿತು. ಅವರು ತೀರಿಕೊಂಡದ್ದು 1986ರಲ್ಲಿ. ಸರಕಾರವು ಇದನ್ನು ಸ್ವತಂತ್ರ ಚಿಕಿತ್ಸಾ ಪದ್ಧತಿಯೆಂದು ಒಪ್ಪಿದ್ದು 2019ರಲ್ಲಿ.

ಚೀನದ ವೈದ್ಯರ ಮತದಂತೆ ‘ಚಿ’ ಎಂಬ ಪ್ರಾಣಶಕ್ತಿಯು ದೇಹದಲ್ಲಿ 12 ಮುಖ್ಯ ಹಾದಿಗಳಲ್ಲಿ ಹರಿಯುತ್ತದೆ. ಹರಿವು ಕಟ್ಟಿದಲ್ಲಿ ನೋವು. ಸೂಜಿಯನ್ನು ಊರುವ ತಾಣಗಳನ್ನು 361 ಎಂದು ಎಣಿಸುತ್ತಾರೆ. ಸೂಜಿಯು ಕೂದಲಿನಂತೆ ತೆಳುವಾದದ್ದು, ಒಳಗೆ ಔಷಧವಿಲ್ಲ. ಶರೀರವನ್ನು ಕೊಯ್ದು ನೋಡಿದವರಿಗೆ ಈ ಹಾದಿಗಳು ಕಂಡಿಲ್ಲ. ನಮ್ಮ ಯೋಗಶಾಸ್ತ್ರದ ನಾಡಿಗಳಂತೆ ಇವೂ ಕಲ್ಪನೆಯ ನಕ್ಷೆಯೇ ಎಂದು ನನ್ನ ಅಭಿಪ್ರಾಯ. ಆದಾಗ್ಯೂ ಬೆನ್ನುನೋವು, ಮೊಣಕಾಲು ನೋವು, ಅರೆತಲೆಶೂಲೆಗಳಲ್ಲಿ ಕೆಲವರಿಗೆ ಸ್ವಲ್ಪ ಉಪಶಮನ ಸಿಗುವದೆಂದು ಪರೀಕ್ಷೆಗಳು ತೋರಿಸಿವೆ. ಹುಸಿಸೂಜಿಯಿಂದಲೂ ಬಹಳಷ್ಟು ಗುಣ ಕಂಡದ್ದರಿಂದ ಪಂಡಿತರ ವಾದವು ಇನ್ನೂ ತೀರಿಲ್ಲ.

ಆದ್ದರಿಂದ ಮೊಣಕಾಲಿಗೆ ಸೂಜಿ ಹಾಕಿಸುವದಿದ್ದರೆ ಹಾಕಿಸಿರಿ. ಆದರೆ ಪ್ರತಿಸಲವೂ ಹೊಸ ಸೂಜಿಯ ಲಕೋಟೆಯನ್ನು ನಿಮ್ಮ ಕಣ್ಣೆದುರಿಗೇ ಒಡೆಯತಕ್ಕದ್ದು. ಒಬ್ಬರ ಸೂಜಿ ಇನ್ನೊಬ್ಬರಿಗೆ ತಾಗಿದರೆ ಕಾಮಾಲೆಯಂಥ ರೋಗಗಳು ಅಂಟುವವು. ರಕ್ತ ತೆಳುಮಾಡುವ ಗುಳಿಗೆ ನುಂಗುವವರು ಮುಂಚಿತವಾಗಿ ತಿಳಿಸಬೇಕು. ಎದೆಯಲ್ಲಿ ಅರೆತಿಳಿದವನು ಚುಚ್ಚಿದರೆ ಪುಪ್ಪುಸಕ್ಕೆ ಅಪಾಯ. ಮಧುಮೇಹದ ಔಷಧವನ್ನು ಬಿಡಿರೆಂದು ಹೇಳುವವನ ಮೆಟ್ಟಿಲನ್ನು ತುಳಿಯಲೇಬೇಡಿರಿ.

ಮನೆಯಲ್ಲಿಯೇ ಮಾಡತಕ್ಕದ್ದು ತಾಯ್‌ಚಿ. ಇದು ಹುಟ್ಟಿನಿಂದ ಕಾಳಗದ ವಿದ್ಯೆ. ಹದಿನೇಳನೆಯ ಶತಮಾನದಲ್ಲಿ ಹೆನಾನ ಪ್ರಾಂತದ ಚೆನ್ ಮನೆತನದ ಹಳ್ಳಿಯಲ್ಲಿ ಬೆಳೆಯಿತೆನ್ನುತ್ತಾರೆ. 1956ರಲ್ಲಿ ಚೀನ ಸರಕಾರವು ಜನಸಾಮಾನ್ಯರಿಗಾಗಿ 24 ಚಲನೆಗಳ ಸುಲಭ ಕ್ರಮವನ್ನು ಹೊರತಂದಿತು. ಮೈಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಮೆಲ್ಲಮೆಲ್ಲನೆ ಸಾಗಿಸುವದೇ ಇದರ ಗುಟ್ಟು. ಮುದುಕರು ಎಡವಿ ಬೀಳುವದು ಇದರಿಂದ ಕಡಿಮೆಯಾಗುವದೆಂಬುದಕ್ಕೆ ಸೂಜಿಗಿಂತ ಗಟ್ಟಿಯಾದ ಪುರಾವೆಯಿದೆ. ಬಚ್ಚಲಲ್ಲಿ ಜಾರಿ ತೊಡೆಯೆಲುಬು ಮುರಿದುಕೊಂಡ ಹಿರಿಯರಿದ್ದ ಮನೆಯವರಿಗೆ ಇದರ ಬೆಲೆಯನ್ನು ಹೇಳಬೇಕಾಗಿಲ್ಲ.

ಗುರುಗಳು ಸಿಗದಿದ್ದರೆ ಇಷ್ಟನ್ನು ಮಾಡಿಸಿರಿ: ಅಜ್ಜಿಯು ಕಿಟಕಿಯ ಸರಳು ಹಿಡಿದು, ಪಾದಗಳನ್ನು ಹೆಗಲಗಲ ಇಟ್ಟು, ಮೊಣಕಾಲನ್ನು ತುಸುವೇ ಸಡಿಲಿಸಿ, ಭಾರವನ್ನು ಎಡಕ್ಕೆ, ಬಳಿಕ ಬಲಕ್ಕೆ ಒಯ್ಯಲಿ. ಉಸಿರು ಸಮನಾಗಿರಲಿ. ಮೊದಲ ವಾರ ಐದು ನಿಮಿಷ ಸಾಕು. ನೋವು ಹೆಚ್ಚಿದರೆ, ತಲೆ ತಿರುಗಿದರೆ ನಿಲ್ಲಿಸಿ ಡಾಕ್ಟರರನ್ನು ಕಾಣಬೇಕು. ಮಗಳಾಗಲಿ ಮೊಮ್ಮಗನಾಗಲಿ ಪಕ್ಕದಲ್ಲಿ ನಿಂತಿರತಕ್ಕದ್ದು.