ಹಾಲಿಗೆ ಲೆಕ್ಕ ಇದೆ, ಸಗಣಿಗೆ ಯಾಕಿಲ್ಲ?

ನಮ್ಮೂರ ಡೇರಿಯಲ್ಲಿ ಎರಡು ಹೊತ್ತೂ ಹಾಲಿನ ಪರೀಕ್ಷೆ ನಡೆಯುತ್ತದೆ. ಜಿಡ್ಡು ಎಷ್ಟಿದೆ, ನೀರು ಬೆರೆತಿದೆಯಾ ಎಂದು ನೋಡದೆ ಕ್ಯಾನಿಗೆ ಸುರಿಯುವುದಿಲ್ಲ. ಲೀಟರಿಗೆ 5 ರೂಪಾಯಿಯ ಸರ್ಕಾರಿ ಪ್ರೋತ್ಸಾಹಧನ ತಡವಾದರೂ ಖಾತೆಗೆ ಬರುತ್ತದೆ. ಅದೇ ಹಸು ದಿನಕ್ಕೆ ಹತ್ತು ಕಿಲೋಗೂ ಮೇಲೆ ಸಗಣಿ ಹಾಕುತ್ತದೆ. ಅದು ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರಿಲ್ಲ.

ಮಂಡ್ಯ ಕಡೆಯ ನಾಲೆ ಬಯಲಿನ ಊರುಗಳಲ್ಲಿ ಓಡಾಡಿದರೆ ಉತ್ತರ ಕಣ್ಣಿಗೇ ಬೀಳುತ್ತದೆ. ನಾಲೆ ಏರಿಯ ಮೇಲೆ, ಹಳ್ಳದ ದಡದಲ್ಲಿ ಸಾಲು ಸಾಲು ತಿಪ್ಪೆ. ಮೊದಲು ಹಿತ್ತಲಲ್ಲೋ ಊರಾಚೆಯೋ ತಿಪ್ಪೆಗುಂಡಿ ಇರುತ್ತಿತ್ತು. ಹಿತ್ತಲು ಭಾಗವಾಗಿ ಮನೆಗಳೆದ್ದವು, ಊರಾಚೆಯ ಜಾಗ ಸೈಟಾಯಿತು. ನಾಟಿ ದನ ಹೋಗಿ ಸೀಮೆಹಸು ಬಂದವು. ಅವನ್ನು ದಿನವಿಡೀ ಕಟ್ಟಿಯೇ ಮೇಯಿಸುವುದರಿಂದ ಸಗಣಿ, ಗಂಜಲ ಎಲ್ಲವೂ ಒಂದೇ ಕಡೆ. ಕೊಟ್ಟಿಗೆ ತೊಳೆದ ನೀರು ಚರಂಡಿಗೆ, ಚರಂಡಿ ನಾಲೆಗೆ. ಅದೇ ನಾಲೆಯ ಮೆಟ್ಟಿಲಲ್ಲಿ ಬಟ್ಟೆ ಒಗೆಯುತ್ತಾರೆ, ಮಕ್ಕಳು ಈಜು ಬೀಳುತ್ತಾರೆ.

ಮೂರು ವರ್ಷದ ಹಿಂದೆ, ಮುಂಗಾರು ಶುರುವಾದ ವಾರ, ಪಕ್ಕದ ಊರಿನ ವಾಂತಿ-ಭೇದಿ ಸುದ್ದಿ ಕಳಿಸಿದ್ದೆ. ಪೈಪು ಒಡೆದು ಚರಂಡಿ ನೀರು ಸೇರಿತ್ತು. ಪೈಪಿಗೆ ತೇಪೆ ಹಾಕಿದರು, ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಸುರಿದರು, ನನಗೆ ಎರಡು ಕಾಲಂ ಸಿಕ್ಕಿತು. ಆ ಚರಂಡಿಯ ತಲೆಯಲ್ಲೇ ಒಂದು ದೊಡ್ಡ ತಿಪ್ಪೆ ಇತ್ತು. ನೋಡಿದ್ದೆ, ಬರೆಯಲಿಲ್ಲ. ನಮ್ಮವ್ವನ ಎರಡು ಹಸುಗಳ ತಿಪ್ಪೆಯೂ ನಮ್ಮೂರ ಹಳ್ಳದ ದಡದಲ್ಲೇ ಇದೆ.

ಈಗ ಬರೆಯುತ್ತಿದ್ದೇನೆ. ಹಸಿ ಸಗಣಿ ಸೇರಿದ ನೀರಿನಿಂದ ಭೇದಿ ತರುವ ರೋಗಾಣುಗಳು ಹರಡುತ್ತವೆ. ಇಲಿಜ್ವರದ ರೋಗಾಣು ಇಲಿಯ ಮೂತ್ರದಲ್ಲಷ್ಟೇ ಅಲ್ಲ, ಸೋಂಕು ತಗುಲಿದ ದನದ ಗಂಜಲದಲ್ಲೂ ಇರುತ್ತದೆ. ಬರಿಗಾಲಲ್ಲಿ ನೀರಿಗಿಳಿದವರ ಮೈಗೆ ಗಾಯದ ಮೂಲಕ ಸೇರುತ್ತದೆ. ನೀರು ಕುದಿಸಿದರೆ ರೋಗಾಣು ಸಾಯುತ್ತದೆ ನಿಜ. ಆದರೆ ತಿಪ್ಪೆಯಿಂದ ಅಂತರ್ಜಲಕ್ಕೆ ಇಳಿಯುವ ನೈಟ್ರೇಟ್ ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಹೆಚ್ಚುತ್ತದೆ. ಕುಡಿಯುವ ನೀರಿನಲ್ಲಿ ಅದರ ಮಿತಿ ಲೀಟರಿಗೆ 45 ಮಿಲಿಗ್ರಾಂ. ಮಿತಿ ಮೀರಿದ ನೀರಲ್ಲಿ ಕಲಸಿದ ಬಾಟಲಿ ಹಾಲು ಕುಡಿದ ಹಸುಗೂಸಿನ ರಕ್ತ ಆಮ್ಲಜನಕ ಒಯ್ಯಲಾರದೆ ಮೈ ನೀಲಿಗಟ್ಟಬಹುದು. ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿಯ ಪ್ರಕಾರ ಕರ್ನಾಟಕದ ಸುಮಾರು ಅರ್ಧದಷ್ಟು ಮಾದರಿಗಳಲ್ಲಿ ನೈಟ್ರೇಟ್ ಮಿತಿ ಮೀರಿತ್ತು. ಇದನ್ನೆಲ್ಲ ಹಸುವಿನ ತಲೆಗೆ ಕಟ್ಟಲಾಗದು. ಗದ್ದೆಗೆ ಎರಚುವ ಯೂರಿಯಾ, ಶೌಚಗುಂಡಿಗಳ ಪಾಲೂ ಇದೆ. ಆದರೆ ಹಸುವಿನ ಪಾಲನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಈ ಮಾತು ಎತ್ತಿದರೆ "ಸಗಣಿ ಅಂದ್ರೆ ಲಕ್ಷ್ಮಿ ಕಣಪ್ಪ, ಅದರಿಂದ ರೋಗ ಬತ್ತದಾ?" ಎನ್ನುತ್ತಾರೆ ನಮ್ಮ ದೊಡ್ಡಮ್ಮ. ಹೊಲಕ್ಕೆ ಹೋದರೆ ಲಕ್ಷ್ಮಿಯೇ. ಹಳ್ಳಕ್ಕೆ ಹೋದರೆ ಗೊಬ್ಬರವೂ ಹಾಳು, ನೀರೂ ಹಾಳು.

ಹಾಗಂತ ಎರಡು ಹಸು ಕಟ್ಟಿಕೊಂಡು ಬದುಕುವ ಹೆಂಗಸಿಗೆ ದಂಡ ಹಾಕಿ ಎಂದು ನಾನು ಹೇಳುತ್ತಿಲ್ಲ. ಆಕೆಗೆ ಜಾಗ ಕೊಡಿ. ನೀರಿನಿಂದ ದೂರ ಪಂಚಾಯಿತಿ ಜಾಗದಲ್ಲಿ ಸಾಮೂಹಿಕ ತಿಪ್ಪೆಗುಂಡಿ ಗುರುತಿಸಲಿ. ಕೊಟ್ಟಿಗೆ ಕಟ್ಟಲು ಸರ್ಕಾರ ಹಣ ಕೊಡುವಾಗ ಗಂಜಲದ ಗುಂಡಿಯೂ ಕಡ್ಡಾಯವಾಗಲಿ. ಎರಡು ಘನ ಮೀಟರಿನ ಗೋಬರ್ ಗ್ಯಾಸ್ ಘಟಕಕ್ಕೆ ದಿನಕ್ಕೆ 50 ಕಿಲೋ ಸಗಣಿ ಸಾಕು. ಅಕ್ಕಪಕ್ಕದ ಎರಡು ಮನೆ ಸೇರಿದರೆ ಅಷ್ಟಾಗುತ್ತದೆ. ಇದಕ್ಕೆ ಡೇರಿ ಸಂಘವೂ ಕೈಜೋಡಿಸಲಿ. ಜಲಜೀವನ್ ಮಿಷನ್‌ನಲ್ಲಿ ಊರಿಗೆ ಐದು ಹೆಂಗಸರಿಗೆ ನೀರು ಪರೀಕ್ಷೆ ಕಲಿಸಬೇಕು, ಕಿಟ್ ಕೊಡಬೇಕು ಎಂದಿದೆ. ಆ ಕಿಟ್ ಬೀರುವಿನಿಂದ ಹೊರಬರಲಿ. ಡೇರಿಯ ಬೋರ್ಡಿನಲ್ಲಿ ಹಾಲಿನ ದರ ಬರೆದ ಹಾಗೆ ಪಂಚಾಯಿತಿ ಬೋರ್ಡಿನಲ್ಲಿ ನೀರಿನ ಫಲಿತಾಂಶವನ್ನೂ ಬರೆಯಲಿ.

ಯುಗಾದಿ ಕಳೆದ ಮೇಲೆ ನಮ್ಮ ತಿಪ್ಪೆಯ ಗೊಬ್ಬರವನ್ನು ಹೊಲಕ್ಕೆ ಹೊಡೆಸಿದೆವು. ಇನ್ನು ಮೇಲೆ ಹಳ್ಳದ ಹತ್ತಿರ ಹಾಕಬೇಡವ್ವ ಎಂದೆ. "ಮತ್ತೆ ಮಂಕ್ರಿ ಎಲ್ಲಿಗೆ ಹೊರ್ಲಿ, ನೀನೇ ಹೇಳು" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ಅವ್ವನ ಪ್ರಶ್ನೆಯನ್ನೇ ಕೇಳುತ್ತೇನೆ. ನಿಮ್ಮೂರಲ್ಲಿ ನೀವೂ ಕೇಳಿ.